ವಾಕಿಂಗ್‌ಗೆ ನಾಯಿ ಕರೆತರುವವರು ಬೆಲ್ಟ್ ಕೈಯಲ್ಲಿ ಹಿಡಿಯಲೇಬೇಕಾ? ಮೈಸೂರಿನವರು ಏನಂತೀರಿ?

ಕುವೆಂಪುನಗರ ವಾಕರ್

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹೊತ್ತು ವಿಶ್ವಮಾನವ ಜೋಡಿ ರಸ್ತೆಯಲ್ಲೋ ಕುಕ್ಕರಹಳ್ಳಿ ಕೆರೆ ಕಡೆಯೋ ನಡೆಯುವವರೆಲ್ಲ ಈ ಮಾತು ಕೇಳಿಯೇ ಇರುತ್ತೀರಿ. "ಹೆದರ್ಕೋಬೇಡಿ, ನಮ್ ನಾಯಿ ಏನೂ ಮಾಡಲ್ಲ." ಹೇಳುವವರು ಹಿಂದೆಲ್ಲೋ ಇರುತ್ತಾರೆ. ನಾಯಿ ಆಗಲೇ ನಮ್ಮ ಮಂಡಿ ಮೂಸುತ್ತಿರುತ್ತದೆ. ಬೆಲ್ಟ್ ಮಾಲೀಕರ ಹೆಗಲ ಮೇಲೆ ತೂಗುತ್ತಿರುತ್ತದೆ.

ನಮ್ಮ ಮನೆಯಲ್ಲೂ ನಾಯಿ ಇದೆ. ಹಾಗಾಗಿ ನಾಯಿ ಕಂಡರೆ ಆಗದವರ ದೂರು ಅಂತ ತಿಳಿಯಬೇಡಿ. ನಾನು ಹೇಳುವುದು ಇಷ್ಟೇ. ನಿಮ್ಮ ನಾಯಿ ಒಳ್ಳೆಯದು ಅಂತ ನಿಮಗೆ ಗೊತ್ತು. ಎದುರಿಗೆ ಬರುವವರಿಗೆ ಹೇಗೆ ಗೊತ್ತಾಗಬೇಕು? ಮಂಡಿ ಆಪರೇಷನ್ ಆಗಿ ಈಗಷ್ಟೇ ನಡೆಯಲು ಶುರು ಮಾಡಿದವರು ಇರುತ್ತಾರೆ. ಹಾಲು ತರಲು ಬಂದ ಮಗು ಇರುತ್ತದೆ. ಸೈಕಲ್‌ನಲ್ಲಿ ಪೇಪರ್ ಹಾಕುವ ಹುಡುಗ ಇರುತ್ತಾನೆ. ಕಚ್ಚುವುದೇ ಬೇಕಾಗಿಲ್ಲ. ಮೂವತ್ತು ಕೆಜಿ ತೂಗುವ ಲ್ಯಾಬ್ರಡಾರ್ ಪ್ರೀತಿಯಿಂದ ಮೈಮೇಲೆ ಹಾರಿದರೂ ವಯಸ್ಸಾದವರು ಬೀಳುತ್ತಾರೆ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನ ಹಾಗೆ ಓಡಾಡುವುದು ಕಷ್ಟ.

ಮೊನ್ನೆ ನಮ್ಮ ಬಡಾವಣೆಯಲ್ಲಿ ಬೆಲ್ಟ್ ಇಲ್ಲದ ನಾಯಿಯೊಂದು ಬೆಕ್ಕನ್ನು ಅಟ್ಟಿಕೊಂಡು ರಸ್ತೆ ದಾಟಿತು. ಸ್ಕೂಟರ್‌ನಲ್ಲಿ ಬರುತ್ತಿದ್ದ ಹುಡುಗಿ ಬ್ರೇಕ್ ಹಿಡಿದು ಜಾರಿದಳು. ಮೊಣಕೈ ತರಚಿತು, ಕನ್ನಡಿ ಒಡೆಯಿತು. ಮಾಲೀಕರು ಮೊದಲು ಓಡಿದ್ದು ನಾಯಿ ಕಡೆಗೆ. ಹುಡುಗಿಯನ್ನು ಎಬ್ಬಿಸಿದ್ದು ಸೊಪ್ಪು ಮಾರುವ ಅಮ್ಮ. ನನಗೆ ತುಂಬಾ ಬೇಜಾರಾಯಿತು. ನಾಯಿ ಸಾಕಿದವರು ಇಲ್ಲಿ ಜಾಸ್ತಿ ಬರೆಯಿರಿ. ನಮ್ಮ ನಮ್ಮಲ್ಲೇ ಮಾತಾಡಿ ಸರಿ ಮಾಡಿಕೊಳ್ಳಬೇಕಾದ ವಿಷಯ ಇದು.

ಲ್ಯಾಬ್ ಮನೆ, ಬೋಗಾದಿ

ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲ ನಾಯಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮವನಿಗೆ ವಯಸ್ಸಾಗಿದೆ. ಮರಿಯಿದ್ದಾಗಿನಿಂದ ಹೇಳಿಕೊಟ್ಟಿದ್ದೇವೆ. ಒಂದು ಸಲ ಕೂಗಿದರೆ ಬರುತ್ತಾನೆ, ಕೂತ್ಕೋ ಅಂದರೆ ಕೂರುತ್ತಾನೆ. ದಿನವೆಲ್ಲ ಕಾಂಪೌಂಡ್ ಒಳಗೇ ಇರುವ ಪ್ರಾಣಿ ಅದು. ಬೆಳಿಗ್ಗೆ ಅರ್ಧ ಗಂಟೆ ತನ್ನ ಪಾಡಿಗೆ ಮೂಸಿಕೊಂಡು ಓಡಾಡಲಿ ಅನ್ನುವುದು ತಪ್ಪಾ? ನಮ್ಮ ರಸ್ತೆಯಲ್ಲಿ ಆ ಹೊತ್ತಿಗೆ ಗಾಡಿಯೂ ಇರುವುದಿಲ್ಲ. ಇನ್ನೊಂದು ಮಾತು. ಪ್ರತಿ ತಿರುವಿನಲ್ಲೂ ಬೀದಿನಾಯಿಗಳು ಗುಂಪಾಗಿ ಕೂತಿರುತ್ತವೆ. ಅವಕ್ಕೆ ಯಾರು ಬೆಲ್ಟ್ ಹಾಕುತ್ತಾರೆ? ಸಾಕಿದವರ ಮೇಲೆ ಮಾತ್ರ ಯಾಕೆ ಇಷ್ಟು ಸಿಟ್ಟು?

ನಿವೃತ್ತ ಟೀಚರ್, ಗೋಕುಲಂ

ಬೋಗಾದಿಯವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ನನ್ನ ಕಡೆಯಿಂದ ಒಂದು ಸಲ ನೋಡಿ. ಚಿಕ್ಕವಳಿದ್ದಾಗ ನಾಯಿ ಕಚ್ಚಿ ಹೊಟ್ಟೆಗೆ ಇಂಜೆಕ್ಷನ್ ತೆಗೆದುಕೊಂಡವಳು ನಾನು. ಆಗ ಹಾಗೇ ಕೊಡುತ್ತಿದ್ದರು. ಆ ಭಯ ಈ ವಯಸ್ಸಿನಲ್ಲೂ ಹೋಗಿಲ್ಲ. ದೂರದಿಂದ ನಾಯಿ ಕಂಡ ಕೂಡಲೇ ನಾನು ನೋಡುವುದು ಅದರ ಕತ್ತಿನಿಂದ ಯಾರದಾದರೂ ಕೈವರೆಗೆ ಹಗ್ಗ ಇದೆಯಾ ಅಂತ. ಇದ್ದರೆ ಉಸಿರು ಬಿಟ್ಟು ಮುಂದೆ ಹೋಗುತ್ತೇನೆ. ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತೇನೆ, ಕೈಕಾಲು ತಣ್ಣಗಾಗುತ್ತದೆ. ನಿಮ್ಮ ನಾಯಿ ಕೂಗಿದರೆ ಬರುತ್ತದೆ, ನಿಜ ಇರಬಹುದು. ಆದರೆ ನೀವು ಕೂಗುವ ಹೊತ್ತಿಗೆ ನನ್ನ ಎದೆ ಬಡಿತ ಆಗಲೇ ಏರಿರುತ್ತದೆ. ಡಾಕ್ಟರ್ ನನಗೂ ದಿನಾ ನಡೆಯಬೇಕು ಅಂದಿದ್ದಾರೆ.

ಪಶುವೈದ್ಯೆ, ಸರಸ್ವತಿಪುರಂ

ಮನುಷ್ಯರ ಮಾತು ಆಯಿತು. ನಾಯಿಯ ಪರವಾಗಿ ನಾನು ಸ್ವಲ್ಪ ಹೇಳುತ್ತೇನೆ. ನನ್ನ ಟೇಬಲ್ ಮೇಲೆ ಬರುವ ಅಪಘಾತದ ಸಾಕುನಾಯಿಗಳಲ್ಲಿ ತುಂಬಾ ಸಲ ಕೇಳುವ ಮಾತು ಒಂದೇ. "ಯಾವತ್ತೂ ಹೀಗೆ ಮಾಡಿರಲಿಲ್ಲ ಮೇಡಂ." ಅವರು ಸುಳ್ಳು ಹೇಳುತ್ತಿಲ್ಲ. ನಾಯಿ ಎಷ್ಟೇ ಕಲಿತಿದ್ದರೂ ಬೆಕ್ಕೋ ಅಳಿಲೋ ಕಣ್ಣಿಗೆ ಬಿದ್ದಾಗ, ಪಟಾಕಿ ಸಿಡಿದಾಗ, ಹತ್ತಿರದಲ್ಲಿ ಬೆದೆಗೆ ಬಂದ ಹೆಣ್ಣುನಾಯಿ ಇದ್ದಾಗ ನಿಮ್ಮ ಕೂಗು ಅದರ ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಬೆಲ್ಟ್ ಇರುವುದು ಅಂಥ ಒಂದು ಗಳಿಗೆಗೆ. ಉಳಿದ ದಿನಗಳಲ್ಲಿ ಅದು ಸುಮ್ನೆ ಸಡಿಲವಾಗಿ ತೂಗುತ್ತಿದ್ದರೂ ಪರವಾಗಿಲ್ಲ.

ಎರಡನೆಯದು, ಬಾಯಿಗೆ ಹಾಕುವುದು. ಬಿಟ್ಟ ನಾಯಿ ಹತ್ತು ಹೆಜ್ಜೆ ಮುಂದೆ ಏನು ನುಂಗಿತು ಅಂತ ನಿಮಗೆ ಕಾಣುವುದಿಲ್ಲ. ಕೋಳಿ ಮೂಳೆ, ಪ್ಲಾಸ್ಟಿಕ್ ಕವರ್, ಇಲಿ ಪಾಷಾಣ ತಿಂದು ಸತ್ತ ಇಲಿ, ಎಲ್ಲವೂ ರಸ್ತೆ ಬದಿಯಲ್ಲೇ ಸಿಗುತ್ತದೆ. ಮಳೆಗಾಲದಲ್ಲಿ ನಿಂತ ನೀರು ಇನ್ನೊಂದು ಅಪಾಯ. ಇಲಿ ಮೂತ್ರ ಸೇರಿದ ನೀರಿನಿಂದ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಬರುತ್ತದೆ. ಅದು ನಾಯಿಯಿಂದ ಮನೆಯವರಿಗೂ ಹರಡಬಲ್ಲದು. ಕುರುಚಲು ಗಿಡಗಳ ಒಳಗೆ ನುಗ್ಗಿದರೆ ಉಣ್ಣಿ ಹತ್ತುತ್ತದೆ, ಉಣ್ಣಿಯಿಂದ ಜ್ವರ. ಇನ್ನು ಹಾವು. ಕೆರೆ ಸುತ್ತ, ಖಾಲಿ ಸೈಟುಗಳಲ್ಲಿ ನಾಗರಹಾವು, ಕೊಳಕುಮಂಡಲ ಎರಡೂ ಇವೆ. ನಾಯಿ ಮೂಗು ಹಾಕಿ ನೋಡುವ ಪ್ರಾಣಿ, ಹಾಗಾಗಿ ಮುಖಕ್ಕೇ ಕಚ್ಚಿಸಿಕೊಳ್ಳುತ್ತದೆ.

ದೀಪಾವಳಿ ಸಮಯದಲ್ಲಂತೂ ದಯವಿಟ್ಟು ಯಾರೂ ಬಿಡಬೇಡಿ. ಸದ್ದಿಗೆ ಹೆದರಿ ಓಡಿದ ನಾಯಿ ದಿಕ್ಕು ನೋಡುವುದಿಲ್ಲ. ಕತ್ತಿನ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಸಂಜೆ ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ.

ಊಟ ಹಾಕುವವಳು, ಜೆ.ಪಿ. ನಗರ

ಬೀದಿನಾಯಿಗೆ ಯಾರು ಬೆಲ್ಟ್ ಹಾಕುತ್ತಾರೆ ಅಂತ ಕೇಳಿದಿರಿ. ನಾನು ಅವಕ್ಕೆ ಊಟ ಹಾಕುತ್ತೇನೆ, ಆಪರೇಷನ್‌ಗೆ ಹಿಡಿಸಿಕೊಡುತ್ತೇನೆ, ಹಾಗಾಗಿ ಉತ್ತರ ನಾನೇ ಹೇಳುತ್ತೇನೆ. ಬೀದಿನಾಯಿಗೆ ಒಂದು ಸರಹದ್ದು ಇರುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು ಅಂತ ಇರುವುದಕ್ಕೆ ಅದೂ ಒಂದು ಕಾರಣ. ಕಿವಿ ಸ್ವಲ್ಪ ಕತ್ತರಿಸಿದ ಗುರುತು ಇದ್ದರೆ ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ. ನಮ್ಮ ಬೀದಿಯಲ್ಲಿ ಅಂಥವು ಇವೆ. ತಮ್ಮ ಪಾಡಿಗೆ ಮಲಗಿರುತ್ತವೆ.

ಬಿಟ್ಟ ಸಾಕುನಾಯಿ ಸೀದಾ ಅವುಗಳ ಮಧ್ಯಕ್ಕೆ ಓಡುತ್ತದೆ. ಒಂದು ಗುರ್ ಅನ್ನುತ್ತದೆ, ಉಳಿದವು ಸೇರಿಕೊಳ್ಳುತ್ತವೆ. ಮಾಲೀಕರು ಕಲ್ಲು ಎತ್ತುತ್ತಾರೆ. ಮಾರನೇ ದಿನ ದೂರು ಹೋಗುವುದು ಬೀದಿನಾಯಿಗಳ ಮೇಲೆ. ಬೆಲ್ಟ್ ಹಿಡಿದು ರಸ್ತೆಯ ಆ ಬದಿಗೆ ಹೋಗಿದ್ದರೆ ಅವು ಎರಡು ಸಲ ಬೊಗಳಿ ಸುಮ್ಮನಾಗುತ್ತಿದ್ದವು. ಅದಕ್ಕೆ ಬೆಲ್ಟ್ ಇಲ್ಲ ಅಂದರೆ ನಿಮ್ಮದಕ್ಕೆ ಇನ್ನೂ ಜಾಸ್ತಿ ಬೇಕು ಅಂತಲೇ ಅರ್ಥ ಅಲ್ವಾ?

ಮುಧೋಳ ಸಾಕಿದವನು, ವಿಜಯನಗರ

ಮೇಲಿನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನಮ್ಮದು ಮುಧೋಳ. ಓಟಕ್ಕೆ, ಬೇಟೆಗೆ ಅಂತಲೇ ಬೆಳೆಸಿದ ತಳಿ. ಕಣ್ಣಿಂದ ನೋಡಿ ಅಟ್ಟುವ ನಾಯಿ ಇದು. ಎಷ್ಟೇ ಶಾಂತವಾಗಿದ್ದರೂ ಮೊಲ ಕಂಡರೆ ಹೋಯಿತು ಅಷ್ಟೇ, ರಿಂಗ್ ರೋಡ್ ಅಡ್ಡ ಬಂದರೂ ನಿಲ್ಲುವುದಿಲ್ಲ. ಇನ್ನೊಂದು ವಿಷಯ ಮುಧೋಳ ಸಾಕುವವರು ತಿಳಿದಿರಬೇಕು. ಇದರ ತಲೆ ಸಣ್ಣ, ಕತ್ತು ಉದ್ದ. ಸಾಮಾನ್ಯ ಕತ್ತಿನ ಪಟ್ಟಿ ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಹೋಗುತ್ತದೆ. ಎಳೆದಾಗ ಸ್ವಲ್ಪ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಸಿಗುತ್ತದೆ, ಅದು ಬೇಕು. ಇಲ್ಲವೇ ಎದೆ, ಹೆಗಲು ಬಳಸಿ ಸರಿಯಾಗಿ ಕೂರುವ ಪಟ್ಟಿ, ಅಂದರೆ ಹಾರ್ನೆಸ್.

ಎದುರಿಗೆ ಬೇರೆ ನಾಯಿ ಬಂದಾಗ ಏನಾಗುತ್ತದೆ ಅಂತ ಗಮನಿಸಿ. ಬೊಗಳುವುದು ಕೊನೆಗೆ. ಅದಕ್ಕೂ ಮೊದಲು ತೆರೆದ ಬಾಯಿ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಕಿವಿ ಮುಂದಕ್ಕೆ ಬರುತ್ತದೆ. ಬಾಲ ಮೇಲೇರಿ ಬಿಗಿಯಾಗುತ್ತದೆ. ಮೈಭಾರವೆಲ್ಲ ಮುಂಗಾಲಿಗೆ ಹೋಗುತ್ತದೆ. ನೀವು ತಿರುಗಬೇಕಾದದ್ದು ಆಗಲೇ. ಬೆಲ್ಟ್ ಬಿಗಿಯಾಗಿ ಎಳೆದು ನಿಲ್ಲಿಸಿಕೊಂಡರೆ ನಾಯಿಗೆ ಇನ್ನೂ ರೇಗುತ್ತದೆ. ಎದುರುಬದುರು ಮುಖ ಕೊಟ್ಟು ಹೋಗುವ ಬದಲು ಅರ್ಧ ಚಂದ್ರದ ಹಾಗೆ ಬಳಸಿಕೊಂಡು ಹೋಗಿ. ನಾಯಿ ನಿಮ್ಮ ಕಡೆ ಒಂದು ಸಲ ನೋಡಿದರೂ ಸಾಕು, ಜೇಬಿನಿಂದ ಏನಾದರೂ ಕೊಡಿ. ನಾನು ಕಡಲೆಕಾಳಿನಷ್ಟು ದೊಡ್ಡ, ಬೇಯಿಸಿದ ಚಿಕನ್ ತುಂಡು ಇಟ್ಟುಕೊಂಡಿರುತ್ತೇನೆ. ಬಿಟ್ಟ ನಾಯಿ ಜೊತೆ ಇದ್ಯಾವುದೂ ಮಾಡಲು ಆಗುವುದಿಲ್ಲ. ನಾನು ಎಷ್ಟೇ ಹುಷಾರಾಗಿ ಬಳಸಿಕೊಂಡು ಹೋದರೂ ಎದುರಿನವರ ನಾಯಿ ಬಿಟ್ಟಿದ್ದರೆ ಅದೇ ನಮ್ಮ ಹತ್ತಿರ ಓಡಿ ಬರುತ್ತದೆ. ಆಗ ಕಟ್ಟಿರುವ ನನ್ನ ನಾಯಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಜಗಳ ಶುರುವಾಗುವುದು ಹೀಗೆ.

ಮಂಡ್ಯ ಹೈದ

ಮೈಸೂರಿನವರು ವೀಕೆಂಡ್‌ಗೆ ನಮ್ಮ ಕಡೆ ಬರುತ್ತೀರಲ್ಲ, ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಹಳ್ಳಿ ಅಲ್ವಾ, ಬಯಲು ಅಲ್ವಾ ಅಂತ ಕಾರಿನಿಂದ ಇಳಿಸಿದ ತಕ್ಷಣ ನಾಯಿ ಬಿಡುತ್ತೀರಿ. ನಿಮಗೆ ಅದು ಖಾಲಿ ಜಾಗ. ನಮಗೆ ಅದು ಗದ್ದೆ. ಅಲ್ಲಿ ಬಂಡೂರು ಕುರಿ ಮೇಯುತ್ತಿರುತ್ತವೆ. ಗಿಡ್ಡ ಕಾಲಿನ ಕುರಿ, ಜಾಸ್ತಿ ಓಡಲು ಆಗುವುದಿಲ್ಲ. ನಿಮ್ಮ ಹಸ್ಕಿ ಆಟಕ್ಕೆ ಅಟ್ಟಿದರೂ ಮಂದೆ ದಿಕ್ಕಾಪಾಲಾಗುತ್ತದೆ. ಗಬ್ಬದ ಕುರಿ ಹೆದರಿ ಓಡಿದರೆ ಮರಿ ಕಂದು ಹಾಕುತ್ತದೆ. ಆ ನಷ್ಟ ಯಾರು ಕೊಡುತ್ತಾರೆ? ಕಾರು ಅಷ್ಟೊತ್ತಿಗೆ ಹೆದ್ದಾರಿ ಸೇರಿರುತ್ತದೆ.

ವಿಶ್ವೇಶ್ವರಯ್ಯ ನಾಲೆ ಏರಿ ಮೇಲಂತೂ ಬಿಡಲೇಬೇಡಿ. ಬದಿ ಕಡಿದು, ಕಾಂಕ್ರೀಟ್. ನೀರು ಬಿಟ್ಟಾಗ ಸೆಳೆತ ಜೋರಾಗಿರುತ್ತದೆ. ಬಿದ್ದ ನಾಯಿಗೆ ಈಜು ಬಂದರೂ ಹತ್ತಲು ಹಿಡಿತ ಸಿಗುವುದಿಲ್ಲ. ಅದನ್ನು ಉಳಿಸಲು ಇಳಿದ ಮನುಷ್ಯನಿಗೂ ಅಷ್ಟೇ. ಕಬ್ಬು ಕಡಿಯುವ ಕಾಲದಲ್ಲಿ ಟ್ರಾಕ್ಟರ್ ಎರಡೆರಡು ಟ್ರೇಲರ್ ಎಳೆದುಕೊಂಡು ಬರುತ್ತಿರುತ್ತದೆ. ಅದಕ್ಕೆ ದಿಢೀರ್ ಬ್ರೇಕ್ ಹಾಕಲು ಆಗುವುದಿಲ್ಲ.

ಲಲಿತಾದ್ರಿಪುರ ಕಡೆಯವರು

ಬೆಟ್ಟದ ತಪ್ಪಲಲ್ಲಿ ಮನೆ ಇರುವವರು ಚಿರತೆಯನ್ನೂ ನೆನಪಲ್ಲಿ ಇಟ್ಟುಕೊಳ್ಳಿ. ನಾಯಿ ಅಂದರೆ ಚಿರತೆಗೆ ಸುಲಭದ ಊಟ. 2024ರ ಡಿಸೆಂಬರ್ 31ರಂದು ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ ಒಳಗೇ ಚಿರತೆ ಕಾಣಿಸಿಕೊಂಡಿತ್ತು, ನೆನಪಿದೆಯಲ್ಲ. ಮುಂಜಾನೆ ಕತ್ತಲಲ್ಲಿ, ಸಂಜೆ ಕತ್ತಲಲ್ಲಿ ಪೊದೆ ಇರುವ ಕಡೆ ನಾಯಿ ಬಿಟ್ಟು ಹಿಂದೆ ನಡೆಯುವುದು ಬೇಡ.

ವಕೀಲ, ಜಯಲಕ್ಷ್ಮೀಪುರಂ

ಕಾನೂನು ಏನು ಹೇಳುತ್ತದೆ ಅಂತ ಯಾರೂ ಕೇಳಲಿಲ್ಲ, ಆದರೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ನಮ್ಮ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೋ, ದೊಡ್ಡ ಗಾಯಕ್ಕೋ ಅಪಾಯ ಬರಬಹುದು ಅಂತ ಇದ್ದಾಗ ಸಾಕಷ್ಟು ಎಚ್ಚರ ವಹಿಸದಿದ್ದರೆ ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಮೊದಲು ಐಪಿಸಿ 289 ಇತ್ತು, ಅದರಲ್ಲಿ ದಂಡ 1000 ರೂಪಾಯಿ ಮಾತ್ರ. ನಿರ್ಲಕ್ಷ್ಯ ಇದ್ದರೆ ಸಾಕು, ಬೇಕೆಂದೇ ಬಿಟ್ಟಿರಬೇಕು ಅಂತೇನಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಬದಿಯೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಓದಿ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು ಹಿಂಸೆ. ಯಾವಾಗಲೂ ಕಟ್ಟಿಯೇ ಇಡುವ ನಾಯಿಗೆ ವ್ಯಾಯಾಮ ಮಾಡಿಸದಿರುವುದೂ ಹಿಂಸೆಯೇ. ಬೋಗಾದಿಯವರು ಹೇಳಿದ, ನಾಯಿಗೆ ಓಡಾಟ ಬೇಕು ಅನ್ನುವ ಮಾತಿಗೆ ಕಾನೂನಿನಲ್ಲೂ ಜಾಗ ಇದೆ. ಹೊರಗೆ ಕರೆದುಕೊಂಡು ಹೋಗಲೇಬೇಕು, ಆದರೆ ಹಿಡಿತದಲ್ಲಿ.

ಹೊಸ ಮರಿ, ರಾಮಕೃಷ್ಣನಗರ

ಇದೆಲ್ಲ ಓದಿ ಭಯವೇ ಆಯಿತು. ನಾವು ಮೊದಲ ಸಲ ನಾಯಿ ತಂದಿದ್ದೇವೆ. ಪೊಮೆರೇನಿಯನ್ ಮರಿ. ಬೆಲ್ಟ್ ಹಾಕಿದರೆ ನೆಲಕ್ಕೆ ಕೂತುಬಿಡುತ್ತದೆ, ಇಲ್ಲ ಅಂದರೆ ಎಳೆದುಕೊಂಡು ಓಡುತ್ತದೆ, ಕೆಮ್ಮುತ್ತದೆ. ಅಂಗಡಿಯವರು ನಾಯಿ ಎಳೆದಷ್ಟೂ ಉದ್ದ ಆಗುವ, ಗುಂಡಿ ಒತ್ತಿದರೆ ನಿಲ್ಲುವ ಲೀಶ್ ತೋರಿಸಿದರು. ಅದು ತಗೊಳ್ಳಲಾ? ಮಗನಿಗೆ ಎಂಟು ವರ್ಷ, ಅವನೇ ಕರೆದುಕೊಂಡು ಹೋಗುತ್ತೇನೆ ಅಂತ ಹಟ.

ಪಶುವೈದ್ಯೆ, ಸರಸ್ವತಿಪುರಂ

ಹೆದರಬೇಡಿ. ಪೊಮೆರೇನಿಯನ್, ಪಗ್‌ನಂಥ ಸಣ್ಣ ನಾಯಿಗಳಿಗೆ ಕತ್ತಿನ ಪಟ್ಟಿಗೆ ಲೀಶ್ ಸಿಕ್ಕಿಸಬೇಡಿ. ಪೊಮೆರೇನಿಯನ್‌ಗಳಲ್ಲಿ ಉಸಿರುಕೊಳವೆ ಮೊದಲೇ ಸೂಕ್ಷ್ಮ. ಎಳೆದಾಗ ಕೆಮ್ಮುವುದು ಅದಕ್ಕೇ ಇರಬಹುದು, ಒಂದು ಸಲ ತೋರಿಸಿ. ಎದೆಯ ಮೇಲೆ ವೈ ಆಕಾರದಲ್ಲಿ ಕೂರುವ ಹಾರ್ನೆಸ್ ತನ್ನಿ. ಪಟ್ಟಿಯ ಕೆಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ಅದಕ್ಕಿಂತ ಸಡಿಲ ಇದ್ದರೆ ಕಳಚಿಕೊಳ್ಳುತ್ತದೆ, ಬಿಗಿ ಇದ್ದರೆ ಕಂಕುಳು ಉಜ್ಜುತ್ತದೆ. ಮೊದಲು ಮನೆಯೊಳಗೇ ಹಾಕಿ, ಊಟ ಕೊಡಿ, ಆಟ ಆಡಿಸಿ, ತೆಗೆಯಿರಿ. ಅಭ್ಯಾಸ ಆದ ಮೇಲೆ ಗೇಟು ದಾಟಿ. ಲಸಿಕೆಗಳು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಬಿಡಬೇಡಿ, ಪಾರ್ವೋ ಕಾಯಿಲೆ ಮರಿಗಳನ್ನು ಬೇಗ ಕೊಲ್ಲುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪ್ರತಿ ವರ್ಷ.

ಮುಧೋಳ ಸಾಕಿದವನು, ವಿಜಯನಗರ

ಆ ಗುಂಡಿ ಒತ್ತುವ ಲೀಶ್ ಬೇಡವೇ ಬೇಡ. ನಾಯಿ ಐದು ಮೀಟರ್ ಆಚೆ ಫುಟ್‌ಪಾತ್‌ನಲ್ಲಿ ಇರುತ್ತದೆ, ನೀವು ಈಚೆ. ಮಧ್ಯದಲ್ಲಿ ತೆಳ್ಳಗಿನ ದಾರ, ಬೈಕಿನವನಿಗೆ ಕಾಣುವುದೇ ಇಲ್ಲ. ದಾರ ಕಾಲಿಗೆ ಸುತ್ತಿದರೆ ಚರ್ಮ ಸೀಳುತ್ತದೆ. ಕೈಯಿಂದ ಜಾರಿದರೆ ಪ್ಲಾಸ್ಟಿಕ್ ಹಿಡಿ ಟಕಟಕ ಅಂತ ನಾಯಿಯ ಹಿಂದೆಯೇ ಹೋಗುತ್ತದೆ, ಆ ಸದ್ದಿಗೆ ಅದು ಇನ್ನೂ ಜೋರಾಗಿ ಓಡುತ್ತದೆ. ನಾಲ್ಕರಿಂದ ಆರು ಅಡಿಯ ಚಪ್ಪಟೆ ಪಟ್ಟಿ ತಗೊಳ್ಳಿ, ಅಗ್ಗವೂ ಹೌದು. ಹಿಡಿಯ ಕುಣಿಕೆಯಲ್ಲಿ ಹೆಬ್ಬೆರಳು ತೂರಿಸಿ ಮುಷ್ಟಿ ಮುಚ್ಚಿ. ಬೆರಳಿಗೆ ಸುತ್ತಿಕೊಳ್ಳಬೇಡಿ. ಎಳೆದಾಗ ನಿಂತುಬಿಡಿ. ಪಟ್ಟಿ ಸಡಿಲವಾದ ಮೇಲೆ ಹೆಜ್ಜೆ ಇಡಿ. ಮೊದಮೊದಲು ಗೇಟಿನಿಂದ ಪಕ್ಕದ ಮನೆಗೆ ಹೋಗಲು ಹತ್ತು ನಿಮಿಷ ಆಗುತ್ತದೆ. ಆಗಲಿ ಬಿಡಿ. ಎಳೆದರೆ ಮುಂದೆ ಹೋಗಲು ಆಗುವುದಿಲ್ಲ ಅಂತ ನಾಯಿಗೆ ಅರ್ಥವಾಗಬೇಕು.

ಎಂಟು ವರ್ಷದ ಹುಡುಗನ ಕೈಗೆ ಒಂಟಿಯಾಗಿ ಕೊಡಬೇಡಿ. ನಾಯಿ ಸಣ್ಣದೇ. ಆದರೆ ಬೇರೆ ನಾಯಿ ಮೇಲೆ ಬಿದ್ದರೆ ಮಗು ಏನು ಮಾಡಬೇಕು? ನೀವೂ ಜೊತೆಗೆ ಹೋಗಿ, ಅವನೂ ಹಿಡಿದುಕೊಳ್ಳಲಿ.

ಕುವೆಂಪುನಗರ ವಾಕರ್

ಇದಕ್ಕೆ ಒಂದು ಸೇರಿಸುತ್ತೇನೆ. ಸ್ಕೂಟರ್ ಓಡಿಸುತ್ತಾ ಒಂದು ಕೈಯಲ್ಲಿ ಬೆಲ್ಟ್ ಹಿಡಿದು ನಾಯಿ ಓಡಿಸುವವರನ್ನು ನಮ್ಮ ಕಡೆ ದಿನಾ ನೋಡುತ್ತೇನೆ. ಅದು ವಾಕಿಂಗ್ ಅಲ್ಲ. ನಾಯಿಗೆ ನಿಲ್ಲುವ ಹಾಗಿಲ್ಲ, ಮೂಸುವ ಹಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಡಾಂಬರು ಕಾದಿರುತ್ತದೆ, ಪಾದ ಸುಡುತ್ತದೆ. ನಿಮ್ಮ ಅಂಗೈಯನ್ನು ರಸ್ತೆ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ. ಆಗದಿದ್ದರೆ ನಾಯಿಗೂ ಆಗುವುದಿಲ್ಲ.

ನಿವೃತ್ತ ಟೀಚರ್, ಗೋಕುಲಂ

ವೈದ್ಯರಿಗೆ ಒಂದು ಪ್ರಶ್ನೆ. ಲಸಿಕೆ ಹಾಕಿಸಿದ ಸಾಕುನಾಯಿ ಹಲ್ಲು ತಾಗಿಸಿದರೂ ಇಂಜೆಕ್ಷನ್ ಬೇಕಾ? "ನಮ್ಮದಕ್ಕೆ ಆಗಿದೆ, ನಿಮಗೆ ಏನೂ ಬೇಡ" ಅಂತ ಮಾಲೀಕರು ಹೇಳುತ್ತಾರೆ.

ಪಶುವೈದ್ಯೆ, ಸರಸ್ವತಿಪುರಂ

ಅದನ್ನು ಮಾಲೀಕರು ತೀರ್ಮಾನ ಮಾಡುವ ಹಾಗಿಲ್ಲ, ಡಾಕ್ಟರ್ ಮಾಡಬೇಕು. ಮೊದಲು ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಯಾಕೆಂದರೆ ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ, ಈಗ ತೋಳಿಗೆ ಕೊಡುತ್ತಾರೆ, ಹೊಟ್ಟೆಗಲ್ಲ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಬೇಕು. ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕು. ಲಸಿಕೆ ಶುರು ಮಾಡಲು ಆ 10 ದಿನ ಕಾಯಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ನಾಯಿ ಯಾರದು ಅಂತ ಗೊತ್ತಿದ್ದರೆ, ಅದರ ಲಸಿಕೆ ಪುಸ್ತಕ ಕೈಗೆ ಸಿಕ್ಕರೆ, ಕಚ್ಚಿಸಿಕೊಂಡವರ ಅರ್ಧ ಆತಂಕ ಕಡಿಮೆಯಾಗುತ್ತದೆ. ಬಿಟ್ಟ ನಾಯಿ ಕಚ್ಚಿ ಓಡಿಹೋದರೆ ಅದೂ ಇಲ್ಲ.

ಲ್ಯಾಬ್ ಮನೆ, ಬೋಗಾದಿ

ಎಲ್ಲ ಓದಿದೆ. ನಮ್ಮವನ ಮೇಲೆ ನನಗೆ ಇರುವ ನಂಬಿಕೆ ಹಾಗೇ ಇದೆ. ಆದರೆ ಟೀಚರ್ ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ರಸ್ತೆಯಲ್ಲಿ ಬೆಲ್ಟ್ ಹಿಡಿಯುತ್ತೇನೆ. ಹಾಗಾದರೆ ಓಡುವುದು ಎಲ್ಲಿ ಅಂತಲೂ ನೀವೇ ಹೇಳಬೇಕು. ಅರವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವ ಜಾಗದಲ್ಲಿ ಲ್ಯಾಬ್ ತಿರುಗಿಕೊಳ್ಳುವುದೇ ಕಷ್ಟ.

ಮುಧೋಳ ಸಾಕಿದವನು, ವಿಜಯನಗರ

ನ್ಯಾಯವಾದ ಪ್ರಶ್ನೆ. ನಾನು ಹತ್ತು ಮೀಟರ್‌ನ ಉದ್ದ ಹಗ್ಗ ಬಳಸುತ್ತೇನೆ. ಹಾರ್ನೆಸ್‌ಗೆ ಮಾತ್ರ ಕಟ್ಟಬೇಕು, ಕತ್ತಿಗಲ್ಲ. ಓಡಿ ಜಗ್ಗಿದಾಗ ಕತ್ತಿಗೆ ಪೆಟ್ಟಾಗುತ್ತದೆ. ಕೈಗೆ ಗ್ಲೌಸ್ ಹಾಕಿ. ಪರಿಚಯದವರೊಬ್ಬರ ತೆಂಗಿನ ತೋಟ ಇದೆ, ಕೇಳಿಕೊಂಡು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಸುತ್ತ ಬೇಲಿ ಇದೆ, ಕುರಿ ಇಲ್ಲ, ನಾಲೆ ಇಲ್ಲ. ಇನ್ನೊಂದು, ಬೆಲ್ಟ್‌ನಲ್ಲೇ ಇದ್ದರೂ ನಿಧಾನವಾಗಿ ಮೂಸಲು ಬಿಡಿ. ಒಂದೊಂದು ಕಂಬದ ಹತ್ತಿರವೂ ಅದಕ್ಕೆ ಸುದ್ದಿ ಇರುತ್ತದೆ. ಅರ್ಧ ಗಂಟೆ ಮೂಸಿದ ನಾಯಿ ಮನೆಗೆ ಬಂದು ಚೆನ್ನಾಗಿ ಮಲಗುತ್ತದೆ.

ಊಟ ಹಾಕುವವಳು, ಜೆ.ಪಿ. ನಗರ

ಎಲ್ಲರಿಗೂ ತೋಟ ಸಿಗುವುದಿಲ್ಲವಲ್ಲ. ಪ್ರತಿ ಬಡಾವಣೆಯಲ್ಲೂ ಪಾರ್ಕ್ ಇದೆ. ಅದರ ಒಂದು ಮೂಲೆಗೆ ಬೇಲಿ ಹಾಕಿ ನಾಯಿಗಳಿಗೆ ಬಿಡಿ ಅಂತ ಪಾಲಿಕೆಯನ್ನು ಕೇಳೋಣ. ನಾನು ಮನವಿ ಬರೆಯುತ್ತೇನೆ. ಏನೇನು ಇರಬೇಕು ಹೇಳಿ.

ಪಶುವೈದ್ಯೆ, ಸರಸ್ವತಿಪುರಂ

ಒಂದರ ಹಿಂದೆ ಒಂದು ಎರಡು ಗೇಟು ಇರಲಿ, ಒಂದು ತೆಗೆದಾಗ ಇನ್ನೊಂದು ಮುಚ್ಚಿರಬೇಕು. ಸಣ್ಣ ನಾಯಿಗಳಿಗೆ ಬೇರೆ ಭಾಗ. ನೆರಳು, ನಲ್ಲಿ ನೀರು, ಮಲ ಎತ್ತಿ ಹಾಕಲು ಡಬ್ಬಿ. ಲಸಿಕೆ ಪುಸ್ತಕ ತೋರಿಸಿದವರಿಗೆ ಮಾತ್ರ ಪ್ರವೇಶ. ಬೆದೆಗೆ ಬಂದ ಹೆಣ್ಣುನಾಯಿ ಬೇಡ.

ನಿವೃತ್ತ ಟೀಚರ್, ಗೋಕುಲಂ

ಬೇಲಿ ವಾಕಿಂಗ್ ಪಾತ್‌ನಿಂದ ಸ್ವಲ್ಪ ದೂರ ಇರಲಿ, ಮಕ್ಕಳ ಜಾರುಬಂಡೆಯಿಂದಲೂ. ಅದನ್ನು ಬರೆದರೆ ನನ್ನ ಸಹಿಯೂ ಹಾಕಿಕೊಳ್ಳಿ.

ಊಟ ಹಾಕುವವಳು, ಜೆ.ಪಿ. ನಗರ

ಬರೆದುಕೊಂಡೆ. ನಾಳೆ ಸಂಜೆಯೊಳಗೆ ಕರಡು ಇಲ್ಲೇ ಹಾಕುತ್ತೇನೆ. ವಕೀಲರು ಒಂದು ಸಲ ಕಣ್ಣಾಡಿಸಿ, ಆಮೇಲೆ ಸಹಿ ಶುರು ಮಾಡೋಣ.